‘ಪತ್ನಿ’ ಎಂದಷ್ಟೇ ಉಳಿದವಳ ಹೆಸರು

ಮಾನ್ಯ ಸಂಪಾದಕರೇ,

ಅಮೆರಿಕದ ದಕ್ಷಿಣದ ಹಳ್ಳಿಗಾಡಿಗೆ ಮೊದಮೊದಲು ವಲಸೆ ಬಂದ ಬಿಳಿಯ ಕುಟುಂಬಗಳ ವಂಶಾವಳಿ ತೆರೆದರೆ ಗಂಡಸರ ಹೆಸರು ಸಾಲುಸಾಲು. ಹೆಂಗಸಿನ ಜಾಗದಲ್ಲಿ ಬರೀ ‘ಪತ್ನಿ’. 1850ಕ್ಕೆ ಮುಂಚಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು, ಉಳಿದವರು ವಯಸ್ಸಿನ ಕಾಲಂನಲ್ಲಿ ಒಂದು ಅಂಕಿ. ಗಂಡ ಸತ್ತು ತಾನೇ ಮನೆಯ ಯಜಮಾನಿಯಾದ ಮೇಲಷ್ಟೇ ಅಲ್ಲಿ ಆಕೆಯ ಹೆಸರು ಕಾಣಿಸಿಕೊಳ್ಳುತ್ತದೆ!

ಹಾಗಾಗಿ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕೋರ್ಟಿನ ಕ್ರಯಪತ್ರಗಳನ್ನು ನೋಡಬೇಕು. ಗಂಡನ ಭೂಮಿಯ ಮೂರನೇ ಒಂದು ಭಾಗದ ಮೇಲೆ ವಿಧವೆಗೆ ಜೀವನಪೂರ್ತಿ ಹಕ್ಕಿದ್ದುದರಿಂದ, ಮಾರುವಾಗ ಹಲವೆಡೆ ಹೆಂಡತಿಯನ್ನು ಗಂಡನಿಂದ ದೂರ ಕರೆದು, ಬಲವಂತವಿಲ್ಲವೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಓದುಬರಹ ಬಾರದವಳ ಹೆಸರಿನ ನಡುವೆ ‘ಎಕ್ಸ್’ ಗುರುತು ಸಿಗುತ್ತದೆ. ತವರಿನ ಮನೆತನ ಬೇಕಿದ್ದರೆ ತಂದೆಯ ಉಯಿಲು ಹುಡುಕಿ. ಮಗಳ ಮದುವೆಯ ನಂತರದ ಹೆಸರು ಅಲ್ಲಿರುವುದುಂಟು.

ಜಾರ್ಜಿಯಾ ರಾಜ್ಯದಲ್ಲಿ ಇನ್ನೊಂದು ದಾರಿಯಿದೆ. ಚೀಟಿ ಎತ್ತಿ ಸರ್ಕಾರ ನೆಲ ಹಂಚಿದ 1805ರ ಭೂ ಲಾಟರಿಯಲ್ಲಿ ವಿಧವೆಯರಿಗೂ ಚೀಟಿ ಎತ್ತುವ ಹಕ್ಕಿತ್ತು. ಬಾಲ್ಡ್ವಿನ್, ವಿಲ್ಕಿನ್ಸನ್ ಕೌಂಟಿಗಳ ಒಂದು ತುಂಡು 202½ ಎಕರೆ. ಅದು ಕ್ರೀಕ್ ಎಂಬ ಮೂಲನಿವಾಸಿ ಜನರಿಂದ ಕಿತ್ತುಕೊಂಡ ನೆಲ ಎಂಬುದನ್ನು ವಂಶಾವಳಿ ಬರೆಯುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಹೆಚ್ಚು ಜನ ಎಡವುವುದು ಮಕ್ಕಳ ವಿಷಯದಲ್ಲಿ. 1880ಕ್ಕೆ ಮೊದಲು ಜನಗಣತಿಯಲ್ಲಿ ಯಜಮಾನನೊಂದಿಗಿನ ಸಂಬಂಧದ ಕಾಲಂ ಇರಲಿಲ್ಲ. ಮೊದಲ ಹೆಂಡತಿಯ ಮಕ್ಕಳೂ ಎರಡನೆಯವಳ ಲೆಕ್ಕಕ್ಕೆ ಸೇರಿಬಿಡುತ್ತಾರೆ. 1900 ಮತ್ತು 1910ರ ಗಣತಿಯಲ್ಲಿ ತಾಯಿ ಹೆತ್ತ ಮಕ್ಕಳೆಷ್ಟು, ಅವರಲ್ಲಿ ಬದುಕಿರುವವರೆಷ್ಟು ಎಂಬ ಎರಡು ಅಂಕಿಗಳಿವೆ. ಆ ವೇಳೆಗೆ ಆಕೆ ಬದುಕಿದ್ದರೆ ಅದರೊಂದಿಗೆ ತಾಳೆ ನೋಡಿ. ಗುಲಾಮಗಿರಿಯಲ್ಲಿದ್ದ ಹೆಂಗಸರ ಪಾಡು ಇನ್ನೂ ಕಷ್ಟ: 1850, 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ.

– ಓದುಗರು