ನಿರ್ದೇಶಕನಾಗ ಹೊರಟ ಅಳಿಯನಿಗೆ

ಶಿರಸಿ,
ಜ್ಯೇಷ್ಠ ಮಾಸ

ಚಿರಂಜೀವಿ ಅಪ್ಪಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಕಾರವಾರದಿಂದ ನೀನು ಬರೆದ ಕಾಗದ ಸೋಮವಾರ ಕೈಸೇರಿತು. ಅದಕ್ಕೂ ಎರಡು ದಿನ ಮೊದಲೇ ನಿನ್ನ ಆಯಿ ಫೋನು ಮಾಡಿ, ಪದವಿ ಮುಗಿಸಿದ ಮಗ ನಾಟಕ ನಿರ್ದೇಶಕನಾಗುತ್ತೇನೆಂದು ಹಟ ಹಿಡಿದಿದ್ದಾನೆ, ನೀನಾದರೂ ಅವನಿಗೆ ಬುದ್ಧಿ ಹೇಳು ಎಂದು ಕೇಳಿಕೊಂಡಿದ್ದಳು. ನಾನು ಹೇಳಲಿರುವ ಬುದ್ಧಿ ಅವಳು ಬಯಸಿದ್ದಲ್ಲ. ನೀನು ಈ ಕೆಲಸವನ್ನು ಕಲಿಯಬೇಕೆಂದೇ ನನ್ನ ಅಭಿಪ್ರಾಯ. ಆದರೆ ರಂಗಶಿಕ್ಷಣಕ್ಕೆ ಹೆಗ್ಗೋಡಿಗೆ ಹೋಗಲೋ ದಿಲ್ಲಿಗೆ ಹೋಗಲೋ ಎಂಬ ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಹೈಸ್ಕೂಲಿನ ಮಾಸ್ತರಿಕೆಯ ಜೊತೆಗೆ ಮೂವತ್ತು ವರ್ಷ ಊರಿನ ಹವ್ಯಾಸಿ ಸಂಘಕ್ಕೆ ನಾಟಕ ಆಡಿಸುತ್ತ ಬಂದವನಾಗಿ ಕೆಲವು ಮಾತುಗಳನ್ನು ನಿನ್ನೆದುರು ಇಡಬೇಕಾಗಿದೆ. ಉದ್ದವಾದರೂ ಸಾವಧಾನದಿಂದ ಓದು.

ಕಳೆದ ಚಳಿಗಾಲದಲ್ಲಿ ನಿಮ್ಮ ಕಾಲೇಜಿನ ಏಕಾಂಕ ನೋಡಲೆಂದು ನಾನು ಕುಮಟಾಕ್ಕೆ ಬಂದಿದ್ದೆನಲ್ಲ, ಆ ದಿನ ಬಹುಮಾನದ ಸಂತೋಷದ ನಡುವೆ ಹೇಳುವುದು ಬೇಡವೆಂದು ಸುಮ್ಮನಿದ್ದ ಒಂದು ಸಂಗತಿಯಿದೆ. ತಾಯಿಯ ಪಾತ್ರದ ಹುಡುಗಿ ಮಗನ ಸಾವಿನ ಸುದ್ದಿ ಕೇಳಿ, ಕೈಯಲ್ಲಿದ್ದ ಹರಿವಾಣವನ್ನು ಕೆಳಗಿಟ್ಟು ಕುಳಿತುಕೊಳ್ಳಬೇಕಿತ್ತು. ಹರಿವಾಣವನ್ನೇನೋ ಇಟ್ಟಳು, ಕುಳಿತುಕೊಳ್ಳುವ ಮುನ್ನ, ನೀನು ಚಾಕ್‌ಪೀಸಿನಿಂದ ನೆಲದ ಮೇಲೆ ಹಾಕಿದ್ದ ಗುರುತು ಎಲ್ಲಿದೆಯೆಂದು ಕಣ್ಣಾಡಿಸಿದಳು, ಎರಡು ಹೆಜ್ಜೆ ಸರಿದು ಸರಿಯಾಗಿ ಅದರ ಮೇಲೆ ಕುಳಿತಳು. ಅಷ್ಟರೊಳಗೆ ಮಗ ಸತ್ತ ಸುದ್ದಿ ಅವಳ ಮುಖದಿಂದ ಹೊರಟುಹೋಗಿತ್ತು. ಅದೇ ಹೊತ್ತಿಗೆ ನೀನು ರಂಗದ ಬದಿಯ ವಿಂಗಿನಲ್ಲಿ ನಿಂತು ಅವಳ ಮುಂದಿನ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ನಾನು ಮುಂದಿನ ಸಾಲಿನ ತುದಿಯಲ್ಲಿ ಕುಳಿತಿದ್ದರಿಂದ ಇಬ್ಬರೂ ನನಗೆ ಒಟ್ಟಿಗೆ ಕಂಡಿರಿ. ನಿನ್ನ ಕಣ್ಣು ಅವಳ ಕಡೆಗಿದ್ದರೂ ನೀನು ನೋಡುತ್ತಿದ್ದದ್ದು ನಿನ್ನ ತಲೆಯೊಳಗೆ ಮೊದಲೇ ಸಿದ್ಧವಾಗಿದ್ದ ಚಿತ್ರವನ್ನು. ದೀಪ ಅಲ್ಲೇ ಬೀಳುತ್ತದೆಂಬ ಕಾರಣಕ್ಕೆ ಆ ಗುರುತು ಹಾಕಿದ್ದೆಯೆಂದು ನನಗೆ ಅರ್ಥವಾಗುತ್ತದೆ. ತಾಲೀಮಿನ ಯಾವುದೋ ಒಂದು ದಿನ ಆ ಹುಡುಗಿ ತಾನಾಗಿಯೇ ಎಲ್ಲಿ ಕುಸಿದಳೆಂದು ಗಮನಿಸಿ ದೀಪವನ್ನು ಅಲ್ಲಿಗೆ ತಿರುಗಿಸಿದ್ದರೆ, ಸಭೆಯಲ್ಲಿದ್ದ ಎಷ್ಟೋ ತಾಯಂದಿರಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇದೇ ತಪ್ಪನ್ನು ನಾನು ಇನ್ನೂ ದೊಡ್ಡದಾಗಿ ಮಾಡಿದವನು. ಸಂಘಕ್ಕಾಗಿ ಮೊದಲ ಸಲ ನಾಟಕ ಕೈಗೆತ್ತಿಕೊಂಡಾಗ, ಯಾರು ಯಾವ ಮಾತಿಗೆ ಏಳಬೇಕು, ಎಷ್ಟು ಹೆಜ್ಜೆ ನಡೆಯಬೇಕು ಎಂಬುದನ್ನೆಲ್ಲ ಮನೆಯಲ್ಲೇ ನೋಟುಬುಕ್ಕಿನಲ್ಲಿ ಗೆರೆ ಎಳೆದು ತಂದಿದ್ದೆ. ಮುಖ್ಯ ಪಾತ್ರಕ್ಕೆ ಇದ್ದವರು ತೋಟ ಮಾಡಿಕೊಂಡಿದ್ದ ಒಬ್ಬ ಹಿರಿಯರು, ತಾಳಮದ್ದಳೆಯಲ್ಲಿ ಅರ್ಥ ಹೇಳಿ, ಅಂದರೆ ಪದ್ಯಕ್ಕೆ ಅಲ್ಲೇ ಮಾತು ಕಟ್ಟಿ, ನುರಿತವರು. ಎರಡನೆಯ ದೃಶ್ಯದ ನಡುವೆ ಅವರು ನಿಂತು, "ಮಾಸ್ತರೇ, ಇಲ್ಲಿ ಏಳಲೆ ನಂಗೆ ಕಾರಣ ಸಿಕ್ತಿಲ್ಲೆ" ಎಂದರು. ಏಳದಿದ್ದರೆ ಮುಂದಿನ ಪಾತ್ರಕ್ಕೆ ದಾರಿ ಬಿಡುವುದಿಲ್ಲವೆಂದು ನಾನು ಉತ್ತರ ಕೊಟ್ಟೆ. ಅವರು ಮತ್ತೆ ಕೇಳಲಿಲ್ಲ. ಪ್ರದರ್ಶನದ ದಿನ ನಾನು ಹೇಳಿದ ಮಾತಿಗೇ ಎದ್ದರು, ನಾನು ಹೇಳಿದಷ್ಟೇ ಹೆಜ್ಜೆ ನಡೆದರು. ಆ ದೃಶ್ಯ ಮುಗಿಯುವವರೆಗೂ ಸಭೆಯಲ್ಲಿ ಕೆಮ್ಮು ನಿಲ್ಲಲಿಲ್ಲ. ಒಬ್ಬ ಅರ್ಥಧಾರಿಯ ಪ್ರಶ್ನೆಯನ್ನು ಅಡಚಣೆಯೆಂದು ತಿಳಿದೆನಲ್ಲ ಎಂಬ ನೋವು ನನಗೆ ಈಗಲೂ ಇದೆ, ಏಕೆಂದರೆ ಆ ನಾಟಕದ ಬಾಗಿಲು ಅದೇ ಪ್ರಶ್ನೆಯಲ್ಲಿತ್ತು. ಆ ಮನುಷ್ಯ ಯಾಕೆ ಕುಳಿತೇ ಇರುತ್ತಾನೆಂದು ಇಬ್ಬರೂ ಸೇರಿ ಹುಡುಕಿದ್ದರೆ, ಮುಂದಿನ ಪಾತ್ರ ಅವನನ್ನು ಬಳಸಿಕೊಂಡು ಬರುವ ರೀತಿಯೇ ಬೇರೆಯಾಗುತ್ತಿತ್ತು.

ಆದ್ದರಿಂದ ನಿರ್ದೇಶನದ ತರಬೇತಿಯೆಂದರೆ ಮೊದಲು ಕಣ್ಣು ಕಿವಿಗಳ ತರಬೇತಿಯೆಂದು ನಾನು ನಂಬಿದ್ದೇನೆ, ಮತ್ತು ಅದಕ್ಕೆ ಬೇಕಾದ ಪಾಠಶಾಲೆಗಳು ನಮ್ಮ ಜಿಲ್ಲೆಯಲ್ಲಿ ಇರುವಷ್ಟು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ತಾಳಮದ್ದಳೆಯನ್ನೇ ನೋಡು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಹಾಡುವ ಭಾಗವತರ ಪದ್ಯದ ಆಧಾರದ ಮೇಲೆ ಇಬ್ಬರು ಎದುರುಬದುರು ಕುಳಿತು ಕೃಷ್ಣಸಂಧಾನವನ್ನು ರಾತ್ರಿಯಿಡೀ ನಡೆಸುತ್ತಾರೆ. ಒಳ್ಳೆಯ ಕೌರವ ತನ್ನ ಸರದಿಗಾಗಿ ಕಾಯುತ್ತ ಕೂರುವುದಿಲ್ಲ. ಕೃಷ್ಣನ ಯಾವ ಮಾತು ತನಗೆ ತಾಗಿತೋ ಅಲ್ಲಿಂದಲೇ ಉತ್ತರವನ್ನು ಎತ್ತಿಕೊಳ್ಳುತ್ತಾನೆ. ಅಂಥ ಕೂಟಗಳಿಗೆ ಹೋಗಿ, ಮಾತಾಡುತ್ತಿರುವವನನ್ನು ಬಿಟ್ಟು ಕೇಳುತ್ತಿರುವವನ ಮುಖವನ್ನು ನೋಡು. ದೃಶ್ಯವೊಂದು ಎಲ್ಲಿ ತಿರುಗುತ್ತದೆಂಬುದು ಸಾಮಾನ್ಯವಾಗಿ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಮುದ್ರಿತ ನಾಟಕವನ್ನು ಕೈಗೆತ್ತಿಕೊಂಡಾಗಲೂ ಪ್ರತಿ ದೃಶ್ಯದಲ್ಲಿ ಯಾರಿಗೆ ಯಾರಿಂದ ಏನು ಬೇಕಾಗಿದೆ, ಅದು ಸಿಕ್ಕಿತೇ, ಸಿಗದೆ ಹೋದುದು ಯಾವ ಮಾತಿನಿಂದ ಎಂಬುದನ್ನು ಹುಡುಕುವ ಅಭ್ಯಾಸ ತಾನಾಗಿ ಬರುತ್ತದೆ. ನನ್ನ ಲೆಕ್ಕದಲ್ಲಿ ನಲವತ್ತು ದಿನದ ತಾಲೀಮಿದ್ದರೆ ಮೊದಲ ಹತ್ತು ದಿನ ಎಲ್ಲರೂ ನೆಲದ ಮೇಲೆ ಕುಳಿತು ಓದಬೇಕು, ಯಾರೂ ಏಳಕೂಡದು. ಹುಡುಗರು ಬೇಸರಪಡುತ್ತಾರೆ. ಪಡಲಿ.

ಯಕ್ಷಗಾನದ ಭಾಗವತರನ್ನು ನಿರ್ದೇಶಕರೆಂದು ಕರೆಯುವುದು ನಮ್ಮಲ್ಲಿ ವಾಡಿಕೆಯ ಮಾತಾಗಿಬಿಟ್ಟಿದೆ, ಆದರೆ ಅವರು ಏನು ಮಾಡುತ್ತಾರೆಂಬುದನ್ನು ನೀನು ಹತ್ತಿರದಿಂದ ಕಾಣಬೇಕು. ವೇಷಧಾರಿ ದಣಿದಿದ್ದಾನೆಂದು ಕಂಡರೆ ಅವರು ಪದ್ಯವನ್ನು ಬೇಗ ಮುಗಿಸಿ ಮಾತಿಗೆ ಬಿಡುತ್ತಾರೆ. ಕುಣಿತಕ್ಕೆ ಹುರುಪು ಬಂದಿದೆಯೆಂದು ಕಂಡರೆ ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ವೇಷದ ಬೆನ್ನಿನ ಮೇಲೆ ಇಡೀ ರಾತ್ರಿ ಕಣ್ಣಿಟ್ಟವರಿಗೆ ಮಾತ್ರ ಇದು ಸಾಧ್ಯ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಊರು ಗುಣವಂತೆ, ನಿನ್ನ ಕಾರವಾರದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆಟವಿದ್ದಲ್ಲಿ ಹಿರಿಯರ ಅನುಮತಿ ಕೇಳಿ, ವೇಷ ಕಟ್ಟಿಕೊಳ್ಳುವ ಚೌಕಿಯ ಮೂಲೆಯಲ್ಲಿ ಕುಳಿತುಕೊ. ಮುಖಕ್ಕೆ ಬಣ್ಣ ಏರುತ್ತ ಹೋದಂತೆ ಮನುಷ್ಯನ ನಡೆ ನುಡಿ ಬದಲಾಗುವುದನ್ನು ನೋಡು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳುತ್ತೇನೆ: ನೋಡಿದ್ದನ್ನೆಲ್ಲ ತಂದು ನಿನ್ನ ನಾಟಕಕ್ಕೆ ಅಂಟಿಸಬೇಡ. ಬಿ.ವಿ. ಕಾರಂತರು 1979ರಲ್ಲಿ ದಿಲ್ಲಿಯಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ ಯಕ್ಷಗಾನದ ಚಲನೆಯಿಂದ ಕಟ್ಟಿದರು. ಚಿಕ್ಕಂದಿನಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು, ಸಂಗೀತವನ್ನು ಮೈಯಲ್ಲೇ ಹೊತ್ತವರು ಮಾಡಿದ ಕೆಲಸವದು. ಚೆಂಡೆಯ ನಾಲ್ಕು ಪೆಟ್ಟನ್ನು ನಡುವೆ ಸೇರಿಸಿ ಜಾನಪದ ಮಾಡಿದೆವೆನ್ನುವುದು ನಮ್ಮ ಕಾಲೇಜು ಸ್ಪರ್ಧೆಗಳಲ್ಲಿ ಈಗ ಹೆಚ್ಚಾಗಿದೆ, ಮತ್ತು ಅದನ್ನು ಕಂಡಾಗ ನನಗೆ ದುಃಖವಾಗುತ್ತದೆ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಅವುಗಳ ಹಾಸ್ಯ ಒರಟೆಂದು ನೀನೊಮ್ಮೆ ಹೇಳಿದ್ದೆ. ಇರಬಹುದು. ಆದರೂ ಒಂದೇ ನಾಟಕಕ್ಕೆ ಎರಡು ಸಲ ಟಿಕೆಟು ತೆಗೆದುಕೊ. ಎರಡನೆಯ ಸಲ ಬದಿಯಲ್ಲಿ ಕುಳಿತು ಜನರ ಮುಖ ನೋಡುತ್ತಿರು. ಎಲ್ಲಿ ಮಗುವನ್ನು ಸುಮ್ಮನಾಗಿಸುವ ಕೈ ಮಗುವನ್ನೇ ಮರೆಯುತ್ತದೆ, ಎಲ್ಲಿ ಕಡಲೆಯ ಪೊಟ್ಟಣ ಸದ್ದು ಮಾಡತೊಡಗುತ್ತದೆ ಎಂಬುದನ್ನು ಗುರುತು ಹಾಕಿಕೊ. ಟಿಕೆಟಿನ ದುಡ್ಡಿನಲ್ಲೇ ಊಟ ಮಾಡುವ ಆ ನಟರು ಇದನ್ನು ಪ್ರತಿ ಆಟದಲ್ಲೂ ಅಳೆಯುತ್ತಿರುತ್ತಾರೆ.

ರಂಗದ ಹಿಂದಿನ ಕೆಲಸಗಳನ್ನು ಕಲಿಯದೆ ನಿರ್ದೇಶಕನೆನಿಸಿಕೊಳ್ಳಬಾರದು. ಹಗ್ಗ ಕಟ್ಟುವುದು, ಪರದೆಗೆ ಇಸ್ತ್ರಿ ಮಾಡುವುದು, ಪರಿಕರಗಳ ಪಟ್ಟಿ ಇಡುವುದು, ಪ್ರಸಾಧನದವರ ಪಕ್ಕ ನಿಂತು ಹತ್ತಿ ಹರಿದು ಕೊಡುವುದು, ಎಲ್ಲವೂ ನಿನ್ನ ಕೈಯಿಂದ ದಾಟಬೇಕು. ಬೆಳಕಿನ ಬಗ್ಗೆ ನೀನು ಬಹಳ ಬರೆದಿದ್ದೀಯ, ಆದ್ದರಿಂದ ಒಂದು ಘಟನೆ ಹೇಳುತ್ತೇನೆ. ಒಂದು ಶಾಲೆಯ ಗ್ಯಾದರಿಂಗಿನಲ್ಲಿ ನಮ್ಮ ನಾಟಕವಿತ್ತು. ಸಾವಿರ ವ್ಯಾಟಿನ ನಾಲ್ಕು ಹ್ಯಾಲೋಜನ್ ದೀಪಗಳನ್ನು ನಾನೇ ನಿಂತು ಒಂದೇ ಸಾಕೆಟ್ಟಿಗೆ ಹಾಕಿಸಿದ್ದೆ. ನಮ್ಮ 230 ವೋಲ್ಟಿನ ವಿದ್ಯುತ್ತಿನಲ್ಲಿ ಅಂಥ ಒಂದು ದೀಪ ನಾಲ್ಕು ಆಂಪಿಯರಿಗೂ ಮೀರಿ ಎಳೆಯುತ್ತದೆ. 15 ಆಂಪಿಯರಿನ ಸಾಕೆಟ್ಟು ಮೂರನ್ನು ತಾಳುತ್ತದೆ, ನಾಲ್ಕನ್ನು ತಾಳುವುದಿಲ್ಲ. ಮೂರು ದೀಪಗಳಲ್ಲಿ ಶುರುವಾದ ನಾಟಕಕ್ಕೆ ನಾಲ್ಕನೆಯದು ಸೇರಿದ್ದು ಕೊನೆಯ ದೃಶ್ಯದಲ್ಲಿ. ಎಲ್ಲವೂ ಪೂರ್ತಿ ಉರಿಯಬೇಕಾದ ಕ್ಷಣದಲ್ಲಿ ಫ್ಯೂಸು ಹೋಗಿ, ಎರಡು ತಿಂಗಳು ದುಡಿದ ಮಕ್ಕಳು ಕತ್ತಲಲ್ಲಿ ನಿಂತು ಅತ್ತರು. ಭಾಗಾಕಾರ ಬಲ್ಲ ಯಾರಾದರೂ ಮಾಡಬಹುದಾಗಿದ್ದ ಲೆಕ್ಕವನ್ನು ನಾನು ಮಾಡಿರಲಿಲ್ಲ. ಬೆಳಕಿನ ಕಾವ್ಯವನ್ನು ಕುರಿತು ಬರೆಯುವ ಮುನ್ನ ಆ ಲೆಕ್ಕವನ್ನು ಕಲಿ.

ಇನ್ನು ಶಾಲೆಯ ಪ್ರಶ್ನೆ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಆರಂಭವಾದದ್ದು. ಇಬ್ರಾಹಿಂ ಅಲ್ಕಾಜಿಯವರು 1962ರಿಂದ ಹದಿನೈದು ವರ್ಷ ಅದನ್ನು ರೂಪಿಸಿದರು, ಅವರ ನಂತರ ನಮ್ಮ ಕಾರಂತರೇ ಅದರ ನಿರ್ದೇಶಕರಾದರು. ಮೂರು ವರ್ಷದ ಓದು. ಮೊದಲ ವರ್ಷ ಎಲ್ಲರಿಗೂ ಸಮಾನ, ಆಮೇಲೆ ಅಭಿನಯ, ನಿರ್ದೇಶನ ಮುಂತಾಗಿ ಕವಲೊಡೆಯುತ್ತದೆ. ಪದವಿಯ ಜೊತೆಗೆ ರಂಗದಲ್ಲಿ ದುಡಿದ ಅನುಭವವನ್ನೂ ಅಲ್ಲಿ ಕೇಳುತ್ತಾರೆ, ದೇಶದ ಎಲ್ಲ ಕಡೆಯಿಂದ ಬಂದವರಲ್ಲಿ ಕೆಲವರನ್ನಷ್ಟೇ ಆರಿಸುತ್ತಾರೆ. ಒಳ್ಳೆಯ ಶಾಲೆ, ಸಂದೇಹವಿಲ್ಲ. ಆದರೂ ನೀನು ಮೊದಲು ಹೋಗಬೇಕಾದದ್ದು ಹೆಗ್ಗೋಡಿಗೆ ಎಂದು ನನ್ನ ಸ್ಪಷ್ಟ ಅಭಿಪ್ರಾಯ. ಸಿದ್ದಾಪುರ ದಾಟಿ ಸಾಗರಕ್ಕೆ ಹೋದರೆ ಅದರ ಹತ್ತಿರವೇ ಸಿಗುವ, ನಮ್ಮಂತೆಯೇ ಅಡಿಕೆ ಬೆಳೆಯುವ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ನಾಟಕ ಸಂಘ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಪಾಠ ಕನ್ನಡದಲ್ಲಿ ನಡೆಯುತ್ತದೆ ಎಂಬುದನ್ನು ನೀನು ಸಣ್ಣ ಸಂಗತಿಯೆಂದು ಭಾವಿಸಿರಬಹುದು. ನಟನಿಗೆ ಒಂದು ಸೂಕ್ಷ್ಮವನ್ನು ಹೇಳಬೇಕಾದಾಗ ಮಾತು ನಿನ್ನ ಭಾಷೆಯಲ್ಲೇ ಹುಟ್ಟಬೇಕು. ಆ ಮಾತುಗಳು ಕೂಡುವುದು ಕಲಿಯುವ ವರ್ಷಗಳಲ್ಲಿ.

ಅಲ್ಲಿಯ ಓದು ಮುಗಿದ ಮೇಲೆ ಅವಕಾಶ ಸಿಕ್ಕರೆ ಒಂದು ವರ್ಷ ನೀನಾಸಮ್‌ನವರ ಸಂಚಾರಿ ತಂಡವಾದ ‘ತಿರುಗಾಟ’ದಲ್ಲಿ ಕಳೆ, ನಟನಾಗಿಯೋ ದೀಪದವನಾಗಿಯೋ. 1985ರಿಂದ ಅವರು ಪ್ರತಿ ವರ್ಷ ನಾಟಕಗಳನ್ನು ಕಟ್ಟಿ ರಾಜ್ಯದ ಊರೂರಿಗೆ ಒಯ್ಯುತ್ತಿದ್ದಾರೆ. ನಿನ್ನೆಯ ರಂಗ ಅಗಲ, ಇಂದಿನದು ಇಕ್ಕಟ್ಟು. ನಿನ್ನೆ ನಕ್ಕ ಮಾತಿಗೆ ಇಂದು ಊರೇ ಮೌನ. ಒಂದೇ ನಾಟಕ ಹೀಗೆ ಹಿಗ್ಗಿ ಕುಗ್ಗುವುದನ್ನು ಒಳಗಿನಿಂದ ಕಂಡವನು, ಮುಂದೆ ತಾನು ಆಡಿಸುವಾಗ ನೆಲಕ್ಕೆ ಗುರುತು ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಆಮೇಲೂ ನಿನಗೆ ದಿಲ್ಲಿ ಬೇಕೆನಿಸಿದರೆ ಹೋಗು. ಆಗ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ನಿನ್ನಲ್ಲಿರುತ್ತವೆ.

ನಿನ್ನ ಆಯಿಯ ಚಿಂತೆ ಹೊಟ್ಟೆಪಾಡಿನದು, ಮತ್ತು ಅವಳ ಚಿಂತೆ ಸುಳ್ಳಲ್ಲ. ಕನ್ನಡದಲ್ಲಿ ನಾಟಕ ನಿರ್ದೇಶನವೊಂದನ್ನೇ ನಂಬಿ ಸಂಸಾರ ನಡೆಸುವವರು ಕಡಿಮೆ. ಬೇಸಿಗೆಯ ಮಕ್ಕಳ ಶಿಬಿರಗಳು, ಕಾಲೇಜುಗಳ ನಾಟಕ, ಸಂಘ ಸಂಸ್ಥೆಗಳು ಕರೆಸುವ ಕಾರ್ಯಾಗಾರ, ಶಾಲೆಯಲ್ಲಿ ರಂಗಶಿಕ್ಷಕನ ಕೆಲಸ, ಇವುಗಳನ್ನೆಲ್ಲ ಹೊಂದಿಸಿಕೊಂಡೇ ನಡೆಯಬೇಕಾಗುತ್ತದೆ. ಮಳೆಗಾಲದಲ್ಲಿ ಕರೆಯುವವರು ವಿರಳ. ಇದನ್ನು ನೀನೇ ಅವಳಿಗೆ ಮುಚ್ಚಿಡದೆ ಹೇಳು. ಆಮೇಲೆ ನಾನು ಬಂದು ಮಾತಾಡುತ್ತೇನೆ. ಹೆಗ್ಗೋಡಿನ ಖರ್ಚಿನ ಬಗ್ಗೆ ನೀವಿಬ್ಬರೂ ಯೋಚಿಸುವುದು ಬೇಡ, ಆ ವರ್ಷದ ಹೊಣೆ ನನ್ನದು.

ಸದ್ಯಕ್ಕೆ ಒಂದು ಕೆಲಸ ಮಾಡು. ಆಷಾಢದಲ್ಲಿ ನಮ್ಮ ಸಂಘದ ಹೊಸ ನಾಟಕದ ತಾಲೀಮು ಶುರುವಾಗುತ್ತದೆ, ದಿನವೂ ಸಂಜೆ ಏಳರಿಂದ ಒಂಬತ್ತೂವರೆ. ನಿನಗೆ ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರಿನ ಜಾಗ ಇಟ್ಟಿದ್ದೇನೆ. ಇನ್ನೂರು ಪುಟದ ದೊಡ್ಡ ನೋಟುಬುಕ್ಕು ತಾ. ಬಲಗಡೆಯ ಪುಟದಲ್ಲಿ ನಾಟಕದ ಹಾಳೆಯನ್ನು ಅಂಟಿಸಿ, ಎಡಗಡೆಯದನ್ನು ಖಾಲಿ ಬಿಡು, ಪ್ರತಿ ಸಂಜೆ ನಟರು ಏನು ಮಾಡಿದರೆಂಬುದನ್ನು ಅಲ್ಲಿ ಸೀಸದಕಡ್ಡಿಯಿಂದ ಬರೆ. ಏನು ಮಾಡಬೇಕಿತ್ತು ಎಂದು ಮೊದಲ ತಿಂಗಳು ಒಂದು ಸಾಲನ್ನೂ ಬರೆಯಬೇಡ. ಹೊರಡುವ ಮುನ್ನ ದೇವಿಮನೆ ಘಟ್ಟದಲ್ಲಿ ರಸ್ತೆ ಸರಿಯಿದೆಯೇ ಎಂದು ಕುಮಟಾಕ್ಕೆ ಫೋನು ಮಾಡಿ ವಿಚಾರಿಸು; ಮಣ್ಣು ಕುಸಿದಿದ್ದರೆ ಅಂಕೋಲೆಯಿಂದ ಯಲ್ಲಾಪುರದ ಮೇಲೆ ಬಾ. ಅತ್ತೆ ನಿನಗಾಗಿ ಮಾಳಿಗೆಯ ಕೋಣೆಯನ್ನು ತೆರವು ಮಾಡಿಸಿದ್ದಾಳೆ.

ನಿನ್ನ ಪ್ರೀತಿಯ
ಮಾವ