ಗಣೇಶನ ಹಬ್ಬದ ಡ್ಯಾನ್ಸ್ ಹಾಡು: ಅಪ್ಪ ಅಮ್ಮಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪೆಂಡಾಲಿನಲ್ಲಿ ಕುಣಿಯೋಕೆ ನಮ್ಮ ಕುವೆಂಪುನಗರದ ಮಕ್ಕಳು ಆರಿಸಿರೋ ಇಂಗ್ಲಿಷ್ ರ‍್ಯಾಪನ್ನ ನಿನ್ನೆ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿದೆ. ಬೀಟ್ ಚೆನ್ನಾಗಿದೆ, ನನ್ನ ಕಾಲೂ ತಾಳ ಹಾಕ್ತು. ಆದ್ರೆ ಎರಡನೇ ಚರಣದಲ್ಲಿ ಹೆಣ್ಣುಮಕ್ಕಳ ಬಗ್ಗೆ ಇರೋ ಮಾತು ಅಜ್ಜಿ ಮುಂದೆ ಹೇಳೋ ಹಾಗಿಲ್ಲ. ಮಕ್ಕಳಿಗೆ ಅರ್ಥ ಗೊತ್ತಿಲ್ಲ, ಬಾಯಿಪಾಠ ಮಾತ್ರ ಪಕ್ಕಾ!

ಹಾಡು ಕೇಳೋ ಆ್ಯಪ್ ಸ್ಪಾಟಿಫೈನಲ್ಲಿ ಹಾಡಿನ ಹೆಸರಿನ ಹತ್ತಿರ ಇಂಗ್ಲಿಷಿನ ‘E’ ಗುರುತಿದ್ರೆ ಹಸಿ ಮಾತಿದೆ ಅಂತ ಲೆಕ್ಕ. ಅಂಥವನ್ನ ಸೆಟ್ಟಿಂಗ್ಸ್‌ನಲ್ಲಿ ತಡೀಬಹುದು. ಗುರುತಿಲ್ಲದ್ದೆಲ್ಲ ಸುರಕ್ಷಿತ ಅಲ್ಲ, ಕನ್ನಡ ರ‍್ಯಾಪನ್ನೂ ಪೂರ್ತಿ ಕೇಳಿ. ‘ಕ್ಲೀನ್’ ಆವೃತ್ತಿಯಲ್ಲಿ ಬೈಗುಳ ಹೋಗುತ್ತೆ, ವಿಷಯ ಹಾಗೇ ಇರುತ್ತೆ.

ರ‍್ಯಾಪೇ ಬೇಡ ಅಂತಿಲ್ಲ. ಬೇರೆ ಹಾಡು ಗೊತ್ತಿದ್ರೆ ಭಾನುವಾರದೊಳಗೆ ಇಲ್ಲೇ ಹಾಕಿ.