ಎಣ್ಣೆ ತಗೊಂಡೋರು ಒಬ್ರು, ಬಾವಿ ಮುಚ್ಚೋರು ಇನ್ಯಾರೋ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಸಂಡೂರು ಕಡೆಯಿಂದ ನಮ್ಮಣ್ಣ ಒಂದು ವಾಟ್ಸಾಪ್ ಫಾರ್ವರ್ಡ್ ಕಳ್ಸಿದ್ದ. ಕೆನಡಾದಲ್ಲಿ ರೈತನ ಹೊಲದಲ್ಲಿ ಎಣ್ಣೆ ಬಾವಿ ಬಂದ್ರೆ ಲಾಟರಿ ಹೊಡೆದ ಹಾಗೆ, ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತ್ರೂ ದುಡ್ಡು ಬರುತ್ತೆ ಅಂತ. ನಾನಿರೋದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಒಂದು ಸಣ್ಣ ಊರಲ್ಲಿ, ಟ್ರ್ಯಾಕ್ಟರ್, ಸೀಡ್ ಡ್ರಿಲ್ ಪಾರ್ಟ್ಸ್ ಮಾರೋ ಅಂಗಡೀಲಿ ಕೆಲಸ, ಬೆಳಗ್ಗೆ ಕೌಂಟರ್ ಹತ್ರ ಕಾಫಿ ಹಿಡ್ಕೊಂಡು ನಿಲ್ಲೋರೆಲ್ಲಾ ರೈತರೇ. ಈ ಲಾಟರಿ ಕಥೆ ನಿಮ್ಮ ಓದುಗರ ಮೊಬೈಲಿಗೂ ಬಂದಿರುತ್ತೆ, ಅದಕ್ಕೇ ಬರೀತಿದೀನಿ.

ಮೊದಲನೇದಾಗಿ ಇಲ್ಲಿ ಹೊಲದ ಮೇಲ್ಮಣ್ಣು ಮಾತ್ರ ರೈತನದು. ಕೆಳಗಿರೋ ಎಣ್ಣೆ ಗ್ಯಾಸು ಐದರಲ್ಲಿ ನಾಲ್ಕು ಪಾಲು ಸರ್ಕಾರದ್ದು, ಸರ್ಕಾರ ಅದನ್ನ ಕಂಪನಿಗೆ ಕೊಡುತ್ತೆ, ಕಂಪನಿ ಬಂದು ನಿಮ್ಮ ಗೋಧಿ ಹೊಲದ ಮಧ್ಯೆ ಮೂರ್ನಾಲ್ಕು ಎಕರೆ ಬೇಕು ಅನ್ನುತ್ತೆ. "ಬೇಡ ಅಂದ್ರೆ?" ಅಂತ ಅಣ್ಣ ಕೇಳ್ದ. ಬೇಡ ಅಂದ್ರೆ ಕಂಪನಿಯೋರು ಜಮೀನು ತಕರಾರು ಕೇಳೋ ಟ್ರಿಬ್ಯೂನಲ್ಲಿಗೆ ಹೋಗಿ ಒಳಗೆ ಬರೋಕೆ ಆರ್ಡರ್ ತರ್ತಾರೆ, ಅಷ್ಟೇ. ರೈತನಿಗೆ ಸಿಗೋದು ವರ್ಷಕ್ಕೆ ಕೆಲವು ಸಾವಿರ ಡಾಲರ್ ಬಾಡಿಗೆ. ಎಣ್ಣೆ ಬರ್ತಾ ಇರೋವರೆಗೂ ಅದೇನೋ ಸರಿಯಾಗೇ ಬರುತ್ತೆ.

ಆಮೇಲಿಂದೇ ಆಟ. 1947ರಲ್ಲಿ ಲೆಡ್ಯೂಕ್ ಅನ್ನೋ ಊರ ಹತ್ರ ದೊಡ್ಡ ಎಣ್ಣೆ ಸಿಕ್ಕಾಗಿಂದ ಈ ಪ್ರಾಂತ್ಯದಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ ಬಾವಿ ಕೊರೆದಿದಾರೆ. ಬಾವಿ ಜೋರಾಗಿ ಹರಿಯೋವಾಗ ಅದು ದೊಡ್ಡ ಕಂಪನಿದು, ಒಣಗ್ತಾ ಬಂದ ಹಾಗೆ ಸಣ್ಣ ಕಂಪನಿಗೆ ಮಾರಾಟ, ಅವರು ಇನ್ನೂ ಸಣ್ಣೋರಿಗೆ, ಕೊನೆಗೆ ಕೈಲಿ ಕಾಸಿಲ್ಲದ ಯಾರೋ ಒಬ್ರ ಹೆಸರಿಗೆ ಬರುತ್ತೆ, ಅವರು ದಿವಾಳಿ ಅಂತ ಕೈ ಎತ್ತುತಾರೆ. ಹಾಲು ಕರೆಯೋವರೆಗೂ ನಮ್ಮೆಮ್ಮೆ, ಗೊಡ್ಡಾದ ಮೇಲೆ ಸಂತೆಗೆ. ಇಂಥ ಬಾವಿಗೆ ಇಲ್ಲಿ ಇಟ್ಟಿರೋ ಹೆಸರು ಅನಾಥ ಬಾವಿ. ನನಗೆ ಆ ಹೆಸರೇ ಆಗಲ್ಲ, ಎಷ್ಟೋ ಬಾವಿಗಳ ಅಪ್ಪ ಅಮ್ಮ ಗಟ್ಟಿಮುಟ್ಟಾಗೇ ಇದಾರೆ, ಜಾತ್ರೇಲಿ ಮಗು ಬಿಟ್ಟು ಹೋಗಿದಾರೆ ಅಷ್ಟೇ.

ಬಾವಿ ಮುಚ್ಚೋದು ಅಂದ್ರೆ ನಮ್ಮೂರಲ್ಲಿ ಫೇಲ್ ಆದ ಬೋರ್‌ವೆಲ್ ಬಾಯಿಗೆ ಕಲ್ಲು ಹೊದಿಸಿದ ಹಾಗಲ್ಲ. ಆಳದಲ್ಲಿ ಸಿಮೆಂಟ್ ತುಂಬಬೇಕು, ಕೇಸಿಂಗ್ ಪೈಪನ್ನ ನೆಲದಿಂದ ಒಂದು ಮೀಟರ್ ಕೆಳಗೆ ಕತ್ತರಿಸಿ ಮುಚ್ಚಳ ಹಾಕಬೇಕು, ಎಣ್ಣೆ, ಉಪ್ಪುನೀರು ಚೆಲ್ಲಿದ ಮಣ್ಣು ತೆಗೀಬೇಕು, ಮೊದಲಿನ ಹಾಗೆ ಬೆಳೆ ಬರುತ್ತೆ ಅಂತ ತೋರಿಸಿ ಸರ್ಟಿಫಿಕೇಟ್ ತಗೋಬೇಕು. ದುಬಾರಿ ಕೆಲಸ. ಇಷ್ಟರೊಳಗೆ ಮುಗಿಸಲೇಬೇಕು ಅಂತ ಗಡುವು ಬಹಳ ಕಾಲ ಇರಲೇ ಇಲ್ಲ, ಹಾಗಾಗಿ ಬಾವಿ ನಿಲ್ಸಿ ವರ್ಷಗಟ್ಟಲೆ ಸುಮ್ನೆ ಬಿಟ್ರೂ ಕೇಳೋರಿರಲಿಲ್ಲ. 2022ರಿಂದ ವರ್ಷಾ ವರ್ಷಾ ಇಷ್ಟು ದುಡ್ಡು ಮುಚ್ಚೋಕೇ ಖರ್ಚು ಮಾಡಬೇಕು ಅಂತ ರೂಲ್ ಬಂತು, ಒಳ್ಳೇದೇ, ಆದ್ರೆ ತಡ.

ನಮ್ಮಂಗಡಿಗೆ ಒಬ್ರು ವಯಸ್ಸಾದ ರೈತರು ಬರ್ತಾರೆ, ಅವರ ಹೊಲದಲ್ಲಿ ಹೀಗೇ ಒಂದು ನಿಂತಿದೆ. ಬಾಡಿಗೆ ಬಂದಿಲ್ಲ ಮೂರು ವರ್ಷ ಆಯ್ತು, ಫೋನ್ ಮಾಡಿದ್ರೆ ನಂಬರೇ ಇಲ್ಲ. ಅವರ ಸ್ಪ್ರೇಯರ್ ತೋಳು 120 ಅಡಿ ಅಗಲ, ಹೊಲದ ಮಧ್ಯೆ ಬಾವಿ, ಟ್ಯಾಂಕು, ದಾರಿ ಅಂತ ಇದ್ರೆ ಸಾಲು ಕೆಡುತ್ತೆ, ಪ್ರತಿ ಸಲ ಸುತ್ತಬೇಕು, ಸುತ್ತಿದ ಕಡೆ ಔಷಧಿ ಎರಡೆರಡು ಸಲ ಬೀಳುತ್ತೆ. ಇದೆಲ್ಲಕ್ಕಿಂತ ದೊಡ್ಡ ತಲೆನೋವು ಕಳೆ. ಕೋಷಿಯಾ ಅಂತ ಒಂದು ಗಿಡ, ಒಣಗಿದ ಮೇಲೆ ಬುಡ ಮುರಿದು ಗಾಳಿಗೆ ಉರುಳ್ಕೊಂಡು ಹೋಗ್ತಾ ದಾರಿಯುದ್ದಕ್ಕೂ ಬೀಜ ಚೆಲ್ಲುತ್ತೆ, ಈಗ ಅದರಲ್ಲಿ ರೌಂಡಪ್ ಅನ್ನೋ ಕಳೆ ಔಷಧಿಗೂ ಜಗ್ಗದ ತಳಿ ಬಂದುಬಿಟ್ಟಿದೆ. ಕಂಪನಿ ಜಾಗದಲ್ಲಿ ಹುಟ್ಟಿದ ಕಳೆಗೆ ಇವರು ಕೈಯಿಂದ ದುಡ್ಡು ಹಾಕಿ ಔಷಧಿ ಹೊಡೀತಾರೆ. ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿದ್ರೆ ಬಾಕಿ ಬಾಡಿಗೆನ ಸರ್ಕಾರ ಕೊಡುತ್ತೆ, ಹಾಗೆ ಕಟ್ಟಿದ್ದು ಕೋಟಿಗಟ್ಟಲೆ ಡಾಲರ್, ಅಂದ್ರೆ ನನ್ನ ಸಂಬಳದ ಟ್ಯಾಕ್ಸೂ ಅದರಲ್ಲಿದೆ. ಹಳ್ಳಿ ಕಡೆಯ ಪಂಚಾಯ್ತಿಗಳಿಗೆ ಎಣ್ಣೆ ಕಂಪನಿಗಳು ಉಳಿಸ್ಕೊಂಡಿರೋ ತೆರಿಗೆ ಬಾಕಿ ಅಂತೂ 25 ಕೋಟಿ ಡಾಲರಿಗೂ ಮೇಲೆ.

ಕೋರ್ಟು ಏನೂ ಮಾಡಿಲ್ಲ ಅಂತಲ್ಲ. ರೆಡ್‌ವಾಟರ್ ಅನ್ನೋ ಸಣ್ಣ ಕಂಪನಿ 2015ರಲ್ಲಿ ಮುಳುಗ್ತು. ಅದರ ಹೆಸರಲ್ಲಿ ಬಾವಿ, ಪೈಪ್‌ಲೈನ್ ಎಲ್ಲಾ ಸೇರಿ 127 ಆಸ್ತಿ, ಲೆಕ್ಕ ನೋಡ್ಕೊಳ್ಳೋಕೆ ಬಂದ ರಿಸೀವರ್ ಅದರಲ್ಲಿ ಚೆನ್ನಾಗಿರೋ ಕೆಲವನ್ನ ಮಾತ್ರ ಇಟ್ಕೊಂಡು ಮಿಕ್ಕಿದ್ದು ನಮಗೆ ಬೇಡ ಅಂದ್ರು, ಮಾರಿದ ದುಡ್ಡು ಬ್ಯಾಂಕ್ ಸಾಲಕ್ಕೆ ಹೋಗಲಿ ಅಂತ. ತಮಾಷೆ ಅಂದ್ರೆ ಆ ಬ್ಯಾಂಕು ಆಲ್ಬರ್ಟಾ ಸರ್ಕಾರದ್ದೇ. 2019ರ ಜನವರಿಯಲ್ಲಿ ಕೆನಡಾ ಸುಪ್ರೀಂ ಕೋರ್ಟು 5-2ರಲ್ಲಿ ಹೇಳ್ತು, ಮೊದಲು ಬಾವಿ ಮುಚ್ಚೋ ಖರ್ಚು, ಆಮೇಲೆ ಸಾಲ ಕೊಟ್ಟೋರಿಗೆ ಪಾಲು. ನ್ಯಾಯ ಸರಿ, ಆದ್ರೆ ಖಾಲಿ ಜೇಬಲ್ಲಿ ಮೊದಲ ಪಾಲು ಯಾರದಾದ್ರೆ ಏನು ಬಂತು? ಮುಂದಿನ ವರ್ಷ ಕೋವಿಡ್ ಟೈಮಲ್ಲಿ ಕೇಂದ್ರ ಸರ್ಕಾರ ಹಳೇ ಬಾವಿ ಕ್ಲೀನ್ ಮಾಡೋಕೆ ಆಲ್ಬರ್ಟಾಗೇ 100 ಕೋಟಿ ಡಾಲರ್ ಕೊಟ್ಟಿತು. ಕೆಲಸ ಇಲ್ದೆ ಕೂತಿದ್ದೋರಿಗೆ ಕೆಲಸ ಸಿಕ್ತು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ದಿವಾಳಿ ಆಗದೇ ಇರೋ, ಲಾಭ ಮಾಡೋ ಕಂಪನಿಗಳ ಬಾವಿಗೂ ಆ ದುಡ್ಡು ಹೋಯ್ತು, ಅದು ಯಾವ ನ್ಯಾಯ ಅಂತ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ರೈತ ಬಾಡಿಗೆ ತಿಂದಿದಾನಲ್ಲ, ಅವನೂ ಸ್ವಲ್ಪ ಹಾಕಲಿ ಅನ್ನೋರೂ ಸಿಕ್ತಾರೆ. ಬೇಡ ಅನ್ನೋ ಹಕ್ಕೇ ಇಲ್ಲದೋನ ಹತ್ರ ಪಾಲು ಕೇಳೋದು ಹೇಗೆ? ಬಾವಿ ಹರಿಯೋವಾಗ್ಲೇ, ಬ್ಯಾರೆಲ್ ಲೆಕ್ಕದಲ್ಲಿ, ಮುಚ್ಚೋ ಖರ್ಚು ಡೆಪಾಸಿಟ್ ಹಿಡ್ಕೋಬೇಕು. ಬಾವಿ ಮಾರಿದ್ರೆ ಆ ಡೆಪಾಸಿಟ್ಟೂ ಅದರ ಜೊತೆ ಹೋಗಬೇಕು, ಸಾಲದೇ ಬಂದ್ರೆ ಹಿಂದಿನ ಮಾಲೀಕನೂ ಕಟ್ಟಬೇಕು. ಈಗ ಇರೋದು ಎಲ್ಲಾ ಕಂಪನಿಗಳಿಂದ ಎತ್ತೋ ವಾರ್ಷಿಕ ಲೆವಿ, ಅದು ಸಾಲದೆ ಅನಾಥ ಬಾವಿ ಮುಚ್ಚೋ ಸಂಸ್ಥೆಗೆ 2017ರಲ್ಲಿ ಪ್ರಾಂತ್ಯ ಸರ್ಕಾರ 23.5 ಕೋಟಿ ಡಾಲರ್ ಸಾಲ ಕೊಡಬೇಕಾಯ್ತು.

ಇದು ಆಗದ ಮಾತು ಅಂತ ಯಾರಾದ್ರೂ ಅಂದ್ರೆ ನಾನು ನಮ್ಮ ಬಳ್ಳಾರಿ ತೋರಿಸ್ತೀನಿ. ನಮ್ಮ ದೇಶದ ಸುಪ್ರೀಂ ಕೋರ್ಟ್ ಆರ್ಡರ್ ಪ್ರಕಾರ ಅದಿರು ಮಾರಿದ ದುಡ್ಡಲ್ಲಿ ಒಂದು ಪಾಲನ್ನ ಮಾರಾಟದ ಜಾಗದಲ್ಲೇ ಹಿಡ್ಕೊಂಡ್ರು, ಗಣಿ ಬಾಧಿತ ಊರುಗಳಿಗೆ ಅಂತ ಸಾವಿರಾರು ಕೋಟಿ ರೂಪಾಯಿ ಸೇರ್ತು. ಖರ್ಚು ಮಾಡೋಕೆ ವರ್ಷಗಟ್ಟಲೆ ಎಳೆದಾಡಿದ್ರು, ನಮ್ಮಣ್ಣನ ಹೊಲದ ಮೇಲೆ ಕೆಂಪು ಧೂಳು ಕೂರೋದು ಅದರಿಂದೇನೂ ನಿಂತಿಲ್ಲ, ಅದು ಬೇರೆ ಜಗಳ, ಅದಕ್ಕೆ ಬೇರೆ ಪತ್ರ ಬರೀಬೇಕು. ಆದ್ರೆ ದುಡ್ಡು ಗಣಿಯೋರ ಕೈಯಿಂದ ಬಂತು, ಅವರು ಪೆಟ್ಟಿಗೆ ಕಟ್ಟೋಕೆ ಮುಂಚೆನೇ ಬಂತು. ಇಷ್ಟು ಹಳೇ ಎಣ್ಣೆ ನಾಡಿನೋರಿಗೆ ಇದು ಹೊಳೀಲಿಲ್ವಾ ಅಂತ ಕೌಂಟರಲ್ಲಿ ಒಂದಿನ ಕೇಳ್ದೆ, ಎಲ್ಲಾ ಕಾಫಿ ಕಪ್ ನೋಡ್ಕೊಂಡು ನಿಂತ್ರು. ಅವರ ಮಕ್ಕಳಲ್ಲಿ ಅರ್ಧ ಜನ ಎಣ್ಣೆ ಕಂಪನೀಲೇ ಕೆಲಸ ಮಾಡೋದು.

ಆ ವಯಸ್ಸಾದ ರೈತರು ಮೊನ್ನೆ ಬಂದಿದ್ರು. ಬಾವಿ ಅಂಚಲ್ಲಿ ಬಿತ್ತೋವಾಗ ಮಣ್ಣೊಳಗಿದ್ದ ಯಾವುದೋ ಹಳೇ ಕಬ್ಬಿಣದ ಹಗ್ಗ ಸಿಕ್ಕಿಹಾಕ್ಕೊಂಡು ಸೀಡ್ ಡ್ರಿಲ್ಲಿನ ಎರಡು ಕಾಲು ಮುರಿದಿದೆ. ಬಿಲ್ ಯಾರ ಹೆಸರಿಗೆ ಅಂತ ಅಭ್ಯಾಸ ಬಲದಿಂದ ಕೇಳಿಬಿಟ್ಟೆ. ನಕ್ಕು, ತಮ್ಮ ಹೆಸರೇ ಬರೆಸಿದ್ರು.

ಇತಿ,
ಸಂಡೂರು ತಾಲ್ಲೂಕಿನ ಒಬ್ಬ ಓದುಗ, ಸದ್ಯ ಆಲ್ಬರ್ಟಾ, ಕೆನಡಾ